ಮೂರು ಅಕ್ಕಿಯ ಬಿಳುಪು

ನಾನು ನಿಂತಿದ್ದು ಹೊಸಪೇಟೆಯಲ್ಲಿ, ಸಂಡೂರಿನ ಕಡೆ ಹೋಗುವ ರಸ್ತೆಯ ಬದಿಗಿದ್ದ ನಮ್ಮ ಫಾರ್ಮಸಿ ಕಾಲೇಜಿನ ಮೊದಲ ಮಹಡಿಯ ಲ್ಯಾಬಿನಲ್ಲಿ, ಬಾಗಿಲಿನಿಂದ ಎರಡನೇ ಮೇಜಿನ ಮುಂದೆ. ಎರಡು ಸಾವಿರದ ಆರನೇ ಇಸವಿಯ ಫೆಬ್ರವರಿ, ಒಂದು ಬುಧವಾರ, ಬೆಳಿಗ್ಗೆ ಹನ್ನೊಂದು ದಾಟಿ ಹತ್ತು ನಿಮಿಷ. ಗೋಡೆ ಗಡಿಯಾರ ಐದು ನಿಮಿಷ ಮುಂದಿತ್ತು. ಅದನ್ನು ಕಳೆದೇ ಹೇಳುತ್ತಿದ್ದೇನೆ. ನನ್ನ ಎಡಕ್ಕೆ ನನಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂ, ಬಲಕ್ಕೆ ಲ್ಯಾಬಿನ ಅಟೆಂಡರ್ ಅಣ್ಣ. ಮೇಜಿನ ಮೇಲೆ ಬಿಳಿ ಟೈಲ್ಸಿನ ತುಂಡು, ಅದರ ಮೇಲೆ ನಾಲ್ಕು ಉದ್ದನೆಯ ಗಾಜಿನ ಕೊಳವೆ.

ನಾಲ್ಕರಲ್ಲಿ ಒಂದು ಅಳತೆಯ ಕೊಳವೆ. ಔಷಧಿಗೆ ಬಳಸುವ ಪದಾರ್ಥದಲ್ಲಿ ಕಬ್ಬಿಣ ಎಷ್ಟಿದ್ದರೆ ನಡೆಯುತ್ತದೋ ಅಷ್ಟನ್ನು ಅದರಲ್ಲಿ ಹಾಕಿರುತ್ತಾರೆ. ಉಳಿದ ಮೂರು ನನ್ನವು. ಆಮ್ಲ ಸೇರಿಸಿ, ಕೊಳೆತ ಮೊಟ್ಟೆಯಂತೆ ನಾರುವ ಇನ್ನೊಂದು ದ್ರವ ಸೇರಿಸಿ, ಅಮೋನಿಯಾ ಹಾಕಿ ಐದು ನಿಮಿಷ ಬಿಟ್ಟರೆ ಕಬ್ಬಿಣವಿದ್ದಲ್ಲಿ ನೇರಳೆ ಬಣ್ಣ ಏಳುತ್ತದೆ. ಕೊಳವೆಗಳನ್ನು ಪಕ್ಕದಿಂದ ನೋಡುವುದಲ್ಲ. ಮೇಲಿನಿಂದ ಬಗ್ಗಿ, ತಳದ ಬಿಳಿ ಟೈಲ್ಸಿನ ಕಡೆ ನೋಡಬೇಕು. ನನ್ನ ಬಣ್ಣ ಅಳತೆಯ ಬಣ್ಣಕ್ಕಿಂತ ತೆಳುವಾಗಿದ್ದರೆ ಪಾಸು.

ಬಗ್ಗಿ ನೋಡಿದೆ. ಅಳತೆಯ ಕೊಳವೆಯಲ್ಲಿ ಉಳ್ಳಾಗಡ್ಡಿ ಸಿಪ್ಪೆ ನೆನೆಸಿದ ನೀರಿನಂಥ ತೆಳು ಬಣ್ಣ. ನನ್ನ ಮೂರರಲ್ಲಿ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಮೂರರಲ್ಲೂ ಒಂದೇ ತೆರ.

ಮೇಡಂ ಬಗ್ಗಿ ನೋಡಿದರು. ಅಟೆಂಡರ್ ಅಣ್ಣ ಮೂಗು ಮುಚ್ಚಿಕೊಂಡೇ ಬಗ್ಗಿ ನೋಡಿದರು.

"ಬಣ್ಣ ಮಸ್ತ್ ಬಂದೈತಲ್ರಿ ಸರ," ಎಂದರು ಅಣ್ಣ. ವಿದ್ಯಾರ್ಥಿಗಳನ್ನೆಲ್ಲ ಅವರು ಸರ ಎಂದೇ ಕರೆಯುತ್ತಿದ್ದರು, ಅರ್ಧ ಗೌರವಕ್ಕೆ, ಅರ್ಧ ತಮಾಷೆಗೆ.

"ಬರಬಾರದಿತ್ತು ಅಣ್ಣಾ," ಎಂದೆ.

ನಾವು ಮಾಡುತ್ತಿದ್ದುದೇನು ಎಂಬುದನ್ನು ಇಲ್ಲಿ ಹೇಳಬೇಕು. ಒಂದು ಮಾತ್ರೆಯಲ್ಲಿ ಇರುವುದೆಲ್ಲ ಔಷಧಿಯಲ್ಲ. ಪುಡಿಯನ್ನು ಹಿಡಿದು ಕಟ್ಟಲಿಕ್ಕೆ ಒಂದು ಪದಾರ್ಥ ಬೇಕು, ನುಂಗಿದ ಮೇಲೆ ಹೊಟ್ಟೆಯ ನೀರಿನಲ್ಲಿ ಅದು ಒಡೆಯಲಿಕ್ಕೆ ಒಂದು ಪದಾರ್ಥ ಬೇಕು. ಪಿಷ್ಟ ಈ ಎರಡೂ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ ಹಾಕುತ್ತಾರೆ. ಅದು ಬಾಟಲಿಯಲ್ಲಿ ಬರುತ್ತದೆ. ನಮ್ಮ ಸುತ್ತ ಬೆಳೆಯುವ ಅಕ್ಕಿಯ ಪಿಷ್ಟ ಅದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುತ್ತದೆಯೇ ಎಂದು ನೋಡುವುದು ನನ್ನ ಸ್ನಾತಕೋತ್ತರ ಪ್ರಬಂಧದ ವಿಷಯ. ವಿಷಯ ಕೊಟ್ಟವರು ಮೇಡಂ. ಆದರೆ ಯಾವ ಅಕ್ಕಿ ಎಂದು ಆರಿಸಿದ್ದು ನಾನು.

ಒಂದು ಕಂಪ್ಲಿಯದು, ಕಾಲುವೆ ನೀರಿನ ಸೋನಾ ಮಸೂರಿ. ಇನ್ನೊಂದು ಹಂಪಿಯ ಕಡೆಯದು, ಕೆರೆ ಕೆಳಗಿನ ಗದ್ದೆಯ ದಪ್ಪಕ್ಕಿ. ಮೂರನೆಯದು ಸಂಡೂರು ತಾಲೂಕಿನ ಚೋರನೂರಿನದು. ಅದು ಜೋಳದ ಸೀಮೆ; ನೆಲ್ಲು ಬೆಳೆಯುವವರು ಕಡಿಮೆ. ಒಬ್ಬ ರೈತರು ಮಾತ್ರ ತಗ್ಗಿನ ಒಂದು ತುಂಡು ಹೊಲದಲ್ಲಿ ಮಳೆಯನ್ನೇ ನಂಬಿ, ಕೂರಿಗೆಯಿಂದ ಬಿತ್ತಿ, ಕೆಂಪು ತೌಡಿನ ಒಂದು ಹಳೆಯ ನೆಲ್ಲನ್ನು ಮನೆಮಟ್ಟಿಗೆ ಬೆಳೆಯುತ್ತಿದ್ದರು.

ಕಂಪ್ಲಿಯ ಅಕ್ಕಿಯ ಬಗ್ಗೆ ನಾನು ತಟಸ್ಥನಾಗಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆ ಗದ್ದೆಗೆ ನಾಟಿ ಹಚ್ಚಿದ ಹೆಂಗಸರ ಸಾಲಿನಲ್ಲಿ ನಮ್ಮ ಅವ್ವ ಇದ್ದಳು. ಗದ್ದೆಯ ಧಣಿಯದೇ ಅಕ್ಕಿ ಮಿಲ್ಲು. ಮಿಲ್ಲಿನ ಜರಡಿಯ ಕೆಳಗೆ ಬೀಳುವ ನುಚ್ಚನ್ನು ನಾನು ಚೀಲ ಹಿಡಿದು ತಂದಿದ್ದೆ. ಅವ್ವನ ಕೈ ಮುಟ್ಟಿದ ಪೈರು ಮಾತ್ರೆಯಾಗುತ್ತದೆ ಎಂಬ ಸಂಗತಿ ನನ್ನನ್ನು ಆ ಚಳಿಗಾಲವೆಲ್ಲ ಬೆಳಿಗ್ಗೆ ಐದಕ್ಕೇ ಎಬ್ಬಿಸುತ್ತಿತ್ತು.

ನುಚ್ಚನ್ನು ತೆಳುವಾದ ಕ್ಷಾರದ ನೀರಿನಲ್ಲಿ ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಬಕೆಟ್ಟಿನಲ್ಲಿ ಬಿಟ್ಟರೆ ಮರುದಿನ ತಳದಲ್ಲಿ ಪಿಷ್ಟ ಗಟ್ಟಿಯಾಗಿ ಕುಳಿತಿರುತ್ತದೆ. ಮೇಲಿನ ನೀರು ಚೆಲ್ಲಿ ಮತ್ತೆ ತೊಳೆಯುವುದು, ಮತ್ತೆ ಬಿಡುವುದು. ಮೊದಲ ಸಲ ತಳದ ಆ ಗಡ್ಡೆಯನ್ನು ಬೆರಳಿನಿಂದ ಒತ್ತಿದಾಗ ಕಲ್ಲಿನಂತೆ ಗಟ್ಟಿ, ಬೆರಳು ಸಡಿಲಿಸಿದರೆ ಹಾಲಿನಂತೆ ಹರಿಯಿತು. ಒಬ್ಬನೇ ನಿಂತು ನಕ್ಕಿದ್ದೆ. ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರೆ ಕಣಗಳು ತೀರ ಸಣ್ಣವು, ಮೂಲೆ ಮೂಲೆಯಾಗಿ ಒಂದಕ್ಕೊಂದು ಅಂಟಿಕೊಂಡು ಕುಳಿತಂಥವು. ಮೆಕ್ಕೆಜೋಳದ ಕಣಗಳು ಅವುಗಳ ಮುಂದೆ ಗುಂಡುಕಲ್ಲಿನಂತೆ ಕಂಡವು. ಇವು ಗೆಲ್ಲುತ್ತವೆ ಎಂದು ಅವತ್ತೇ ಅಂದುಕೊಂಡಿದ್ದೆ.

ಒದ್ದೆ ಪಿಷ್ಟವನ್ನು ನೇರವಾಗಿ ಓವನ್ನಿಗೆ ಹಾಕಿದರೆ ಬಿಸಿಗೆ ಗಂಜಿಯಾಗುತ್ತದೆ. ಮೊದಲು ಗಾಳಿಗೆ ಆರಿಸಬೇಕು. ಕಾಲೇಜಿನ ಮಾಳಿಗೆಯ ಮೇಲೆ ಸ್ಟೀಲಿನ ತಟ್ಟೆಗಳಲ್ಲಿ ಹರವಿ, ಎರಡು ಪದರ ತೆಳು ಬಟ್ಟೆ ಕಟ್ಟಿ ಆರಿಸಿದ್ದೆವು. ಅಟೆಂಡರ್ ಅಣ್ಣ ಅಚ್ಚುಕಟ್ಟಿನ ಮನುಷ್ಯ. ತಟ್ಟೆ ಇಡುವ ಮುಂಚೆ ಪ್ರತಿ ದಿನವೂ ಮಾಳಿಗೆಯ ಮೂಲೆ ಮೂಲೆ ಕಸ ಹೊಡೆದು, ಕೈ ತೊಳೆದು, "ಈಗ ಬರ್ರಿ" ಎಂದು ಕರೆಯುತ್ತಿದ್ದರು.

ಆ ಬುಧವಾರ ಮೇಡಂ ಕುರ್ಚಿ ಎಳೆದುಕೊಂಡು ಕೂತರು.

"ಚೋರನೂರು ಅಕ್ಕಿಯಾಗ ಕಬ್ಬಿಣ ಬಂದ್ರ ತಿಳೀತೈತಿ. ಗಣಿ ಮಗ್ಗಲದ ನೆಲ. ಕಂಪ್ಲಿ ಅಕ್ಕಿಗೆ ಏನಾತ್ರಿ?"

"ತಿಳೀತಿಲ್ರಿ ಮೇಡಂ."

"ತಿಂಗಳ ಕೊನಿಗೆ ಅಲ್ಲ, ಮುಂದಿನ ತಿಂಗಳ ಕೊನಿಗೆ ಪ್ರಬಂಧ ನೋಡೂ ಸಮಿತಿ ಬರತೈತಿ. ಅಷ್ಟರಾಗ ಈ ಪರೀಕ್ಷಾ ಪಾಸ್ ಆಗಬೇಕು. ಇಲ್ಲಾಂದ್ರ ವಿಷಯ ಬದಲ್ ಮಾಡೂಣು. ಬಾಟಲಿ ಪಿಷ್ಟ ತಗೊಂಡು ಬ್ಯಾರೆ ಏನರ ಮಾಡ್ರಿ. ಒಂದ್ ವರ್ಷ ಹೆಚ್ಚಿಗಿ ಆಗತೈತಿ, ಏನ್ ಮಾಡಾಕಾಗತೈತಿ."

ಅವರು ಸಿಟ್ಟಿನಿಂದ ಹೇಳಲಿಲ್ಲ. ಬೇಸರದಿಂದ ಹೇಳಿದರು. ನನಗೆ ಒಂದು ವರ್ಷ ಹೆಚ್ಚಾಗುವುದರ ಅರ್ಥ ಬೇರೆ ಇತ್ತು. ಈ ವರ್ಷ ಮುಗಿಯಲಿ, ನೀನು ಗದ್ದೆಗೆ ಇಳಿಯುವುದು ಬೇಡ ಎಂದು ಅವ್ವನಿಗೆ ಮಾತು ಕೊಟ್ಟುಬಿಟ್ಟಿದ್ದೆ.

ಆಗ ನಾನು ಚಿತ್ತವಾಡ್ಗಿಯಲ್ಲಿ ಒಂದು ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿ ಐವತ್ತೈದು ದಾಟಿದ ಹೆಂಗಸು, ಲಿಂಗಾಯತರು. ಅಕ್ಕಿ ಸಂಡಿಗೆ, ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದರು. ಓಣಿಯವರೆಲ್ಲ ಅವರನ್ನು ಅಕ್ಕಾರು ಎನ್ನುತ್ತಿದ್ದರು, ನಾನೂ ಹಾಗೆಯೇ. ಅವತ್ತು ಸಂಜೆ ನಾನು ಪಿಷ್ಟದ ಮೂರು ಪೊಟ್ಟಣ ಹಿಡಿದು ಕಟ್ಟೆಯ ಮೇಲೆ ಕೂತಿದ್ದನ್ನು ಅವರು ನೋಡಿದರು.

"ಯಾಕ ತಮ್ಮಾ, ಮಾರಿ ಹಿಂಗ ಮಾಡೀದಿ? ಯಾರರ ಹೋದರೇನು?"

"ಯಾರೂ ಹೋಗಿಲ್ರಿ ಅಕ್ಕಾರ. ನನ್ನ ಅಕ್ಕಿ ಹಿಟ್ಟು ಹೋತು."

ಒಂದು ಪೊಟ್ಟಣ ಇಸಿದುಕೊಂಡರು. ಚಿಟಿಕೆ ಹಿಟ್ಟನ್ನು ಬೆರಳುಗಳ ನಡುವೆ ಉಜ್ಜಿದರು, ನಾಲಿಗೆಗೆ ಹಚ್ಚಿದರು.

"ಸಣ್ಣಗ ಭಾಳ ಚೊಲೋ ಮಾಡೀದಿ. ಬಣ್ಣ ಯಾಕ ಹಿಂಗೈತಿ?"

"ಬಣ್ಣ ಬೆಳ್ಳಗ ಐತಲ್ರಿ."

"ಇದು ಬೆಳ್ಳಗ?"

ಒಳಗೆ ಹೋಗಿ ಡಬ್ಬಿಯಿಂದ ಒಂದು ಹಿಡಿ ಸಂಡಿಗೆ ತಂದರು. ಕಟ್ಟೆಯ ಮೇಲೆ ಅದರ ಪಕ್ಕಕ್ಕೆ ನನ್ನ ಹಿಟ್ಟು ಸುರಿದರು. ಸಂಡಿಗೆ ಬಿಳಿ. ನನ್ನ ಹಿಟ್ಟಿಗೆ ಒಂದು ಗುಲಾಬಿ ಛಾಯೆ ಇತ್ತು, ಹೊಸದಾಗಿ ಹುಟ್ಟಿದ ಕೂಸಿನ ಅಂಗಾಲಿನಂಥದು. ಎರಡು ತಿಂಗಳು ದಿನವೂ ನೋಡುತ್ತಿದ್ದ ನಾನು ಅದನ್ನು ಕಂಡಿರಲಿಲ್ಲ. ಮೇಡಂ ಕಂಡಿರಲಿಲ್ಲ. ಆ ವರ್ಷಗಳಲ್ಲಿ ಹೊಸಪೇಟೆಯ ಬಿಳಿ ಅಂಗಿಗಳು, ಬಿಳಿ ಗೋಡೆಗಳು, ಬಿಳಿ ಎತ್ತುಗಳು ಎಲ್ಲವೂ ಅದೇ ಬಣ್ಣಕ್ಕಿದ್ದವು. ನಮ್ಮ ಕಣ್ಣಿಗೆ ಅದೇ ಬಿಳಿಯಾಗಿತ್ತು.

"ಎಲ್ಲಿ ಒಣಗಿಸಿದ್ರಿ?"

"ಕಾಲೇಜಿನ ಮಾಳಗಿ ಮ್ಯಾಲೆ."

"ಮಾಳಗಿ ಮ್ಯಾಲೆ," ಎಂದು ಅವರು ನನ್ನ ಮಾತನ್ನೇ ನಿಧಾನವಾಗಿ ಹೇಳಿದರು. "ಈ ಊರಾಗ ಯಾವ ಹೆಣಮಗಳು ಈಗ ಮಾಳಗಿ ಮ್ಯಾಲೆ ಸಂಡಿಗಿ ಇಡತಾಳು ಹೇಳು. ಕಬ್ಬಿಣದ ಅದಿರಿನ ಲಾರಿ ಹೆಚ್ಚಾದ ವರ್ಷದಿಂದ ನಾ ಮ್ಯಾಲೆ ಹತ್ತಿಲ್ಲ."

"ಎರಡು ಪದರ ಅರಿವಿ ಕಟ್ಟಿದ್ವಿ. ದಿನಾ ಕಸಾ ಹೊಡೀತಿದ್ವಿ."

"ಕಸಾ ಯಾವಾಗ ಹೊಡೀತಿದ್ರಿ?"

"ತಟ್ಟಿ ಇಡೂ ಮುಂಚೆ. ಹೊಡದು, ಲಗೂನ ಇಡತಿದ್ವಿ."

ಅಕ್ಕಾರು ನಕ್ಕರು. ನಗು ನಿಲ್ಲಿಸಲು ಸೆರಗು ಬಾಯಿಗೆ ಹಿಡಿದರು. "ಅಂದ್ರ ಕೆಂಪು ಧೂಳಿ ಎಬ್ಬಿಸಿ, ಅದು ಇಳಿಯೂ ಹೊತ್ತಿಗೆ ಸರಿಯಾಗಿ ಕೆಳಗ ಹಿಟ್ಟು ಇಡತಿದ್ರಿ. ಓದಿದವರು ನೀವು. ನಾವು ಕಸಬರಗಿ ಮುಟ್ಟಂಗಿಲ್ಲೋ ತಮ್ಮಾ. ಒದ್ದಿ ಅರಿವೀಲೆ ಒರಸ್ತೀವಿ. ಸಂಡಿಗಿ ಒಳಗ ಇಡತೀವಿ."

ಮೂರು ಅಕ್ಕಿಗಳಲ್ಲಿ ಒಂದೇ ತೆರದ ಬಣ್ಣ ಯಾಕೆ ಬಂತು ಎಂಬುದಕ್ಕೆ ಅದು ಸರಿಯಾದ ಉತ್ತರವಾಗಿತ್ತು. ನೆಲ ಬೇರೆ, ನೀರು ಬೇರೆ, ತಳಿ ಬೇರೆ. ಮಾಳಿಗೆ ಮಾತ್ರ ಒಂದೇ. ತಪ್ಪು ಅಕ್ಕಿಯದಲ್ಲದಿರಬಹುದು.

ಆದರೆ ಸಂಡಿಗೆಯನ್ನು ಸಾಕ್ಷಿಯಾಗಿ ತೋರಿಸಿದರೆ ಮೇಡಂ ಒಪ್ಪುವವರಲ್ಲ. ಆ ಮಾತನ್ನೂ ಪರೀಕ್ಷೆಗೆ ಒಡ್ಡಬೇಕಿತ್ತು. ಎರಡು ಖಾಲಿ ತಟ್ಟೆ ಸಾಕು ಅನಿಸಿತು. ಒಂದನ್ನು ಕಾಲೇಜಿನ ಮಾಳಿಗೆಯ ಮೇಲೆ ಎಂದಿನಂತೆ ಕಸ ಹೊಡೆಸಿ, ಬಟ್ಟೆ ಕಟ್ಟಿ ಇಡುವುದು. ಇನ್ನೊಂದನ್ನು ಅಕ್ಕಾರು ಸಂಡಿಗೆ ಒಣಗಿಸುವಲ್ಲಿ ಇಡುವುದು. ಎರಡು ದಿನದ ನಂತರ ಎರಡನ್ನೂ ಆಮ್ಲದಿಂದ ತೊಳೆದು, ಆ ತೊಳೆದ ನೀರನ್ನೇ ಪರೀಕ್ಷೆ ಮಾಡುವುದು. ಪಿಷ್ಟವೇ ಇಲ್ಲದ ತಟ್ಟೆಯಲ್ಲಿ ಕಬ್ಬಿಣ ಬಂದರೆ ಅದು ಗಾಳಿಯದು.

ಕೇಳಲು ಹಿಂಜರಿದೆ. ಸಂಡಿಗೆ ಒಣಗುತ್ತಿದ್ದದ್ದು ನಡುಮನೆಯಲ್ಲಿ. ಒಂದೂವರೆ ವರ್ಷ ಬಾಡಿಗೆಗಿದ್ದರೂ ನಾನು ಪಡಸಾಲೆಯಿಂದ ಒಳಗೆ ಹೋಗಿರಲಿಲ್ಲ. ಅವರು ಕರೆದಿರಲಿಲ್ಲ, ನಾನು ಕೇಳಿರಲಿಲ್ಲ. ನಾನು ಕಂಪ್ಲಿಯಲ್ಲಿ ಯಾವ ಕೇರಿಯವನೆಂಬುದು ಬಾಡಿಗೆಗೆ ಬಂದ ದಿನವೇ ಅವರಿಗೆ ಗೊತ್ತಾಗಿತ್ತು.

"ಒಂದು ತಟ್ಟಿ ಎರಡು ದಿನ ನಿಮ್ಮ ಒಳಗ ಇಡಬೇಕಾಗಿತ್ರಿ," ಎಂದೆ.

ಅವರು ಕಟ್ಟೆಯ ಮೇಲಿನ ಸಂಡಿಗೆಯನ್ನು ಒಂದೊಂದಾಗಿ ಆರಿಸಿ ಕೈಗೆ ತೆಗೆದುಕೊಂಡರು.

"ಕಾಲ್ ತೊಳಕೊಂಡ್ ಬಾ," ಎಂದರು.

ನಾನು ಅಲ್ಲೇ ನಿಂತೆ. ಯಾಕೆ ನಿಂತೆನೆಂದು ಅವರಿಗೆ ಅರ್ಥವಾಯಿತೆಂದು ಕಾಣುತ್ತದೆ. ತಾವೇ ಬಚ್ಚಲಿಗೆ ಹೋಗಿ ಕೊಡದಿಂದ ಚೊಂಬಿನಲ್ಲಿ ನೀರು ತೆಗೆದು ಸುರಿದುಕೊಂಡು ಹಿಮ್ಮಡಿ ಉಜ್ಜಿ ತೊಳೆದರು. ಕೆಂಪು ನೀರು ಹರಿಯಿತು. ಅದೇ ಚೊಂಬನ್ನು ನನ್ನ ಕೈಗೆ ಕೊಟ್ಟರು. "ಧೂಳಿ ಕಾಲಾಗ ಬರತೈತೋ. ನನ್ನ ಮಗ ಬಂದ್ರೂ ತೊಳಕೊಂಡ ಒಳಗ ಬರಬೇಕು," ಎಂದರು. ನಾನು ಕಾಲು ತೊಳೆದುಕೊಂಡು ನಡುಮನೆಗೆ ಹೋದೆ.

ಕಿಟಕಿಗಳಿಗೆ ಹಳೆ ಸೀರೆಗಳನ್ನು ಒದ್ದೆ ಮಾಡಿ ತೂಗುಬಿಟ್ಟಿದ್ದರು. ಫ್ಯಾನು ಹಾಕಿರಲಿಲ್ಲ. ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಾಲಾಗಿ ಸಂಡಿಗೆ. ಒಂದು ಮೂಲೆಯಲ್ಲಿ ಜಾಗ ಮಾಡಿ ನನ್ನ ತಟ್ಟೆ ಇಟ್ಟರು.

ಶನಿವಾರ ಲ್ಯಾಬಿನಲ್ಲಿ ಅದೇ ಮೂವರು, ಅದೇ ಮೇಜು. ಅಟೆಂಡರ್ ಅಣ್ಣನಿಗೆ ನಾನು ಕಾರಣ ಹೇಳಿರಲಿಲ್ಲ; ಎಂದಿನಂತೆ ಕಸ ಹೊಡೆಯಿರಿ ಎಂದಷ್ಟೇ ಹೇಳಿದ್ದೆ. ಅವರು ಎಂದಿಗಿಂತ ಚೆನ್ನಾಗಿಯೇ ಹೊಡೆದಿದ್ದರು. ಮೂರು ಕೊಳವೆ: ಅಳತೆಯದು, ಮಾಳಿಗೆಯದು, ನಡುಮನೆಯದು. ಅಮೋನಿಯಾ ಹಾಕಿದ ಕೂಡಲೇ ಮಾಳಿಗೆಯ ಕೊಳವೆಯಲ್ಲಿ ಬಣ್ಣ ಎದ್ದಿತು. ಐದು ನಿಮಿಷ ಕಾಯುವ ಅಗತ್ಯವಿರಲಿಲ್ಲ; ಆದರೂ ಕಾದೆವು. ಬಗ್ಗಿ ನೋಡಿದರೆ ತಳದ ಟೈಲ್ಸು ಕಾಣಲಿಲ್ಲ. ನಡುಮನೆಯ ಕೊಳವೆಯಲ್ಲಿ ಬಣ್ಣವಿದೆಯೋ ಇಲ್ಲವೋ ಎಂದು ಎರಡು ಸಲ ನೋಡಬೇಕಾಯಿತು.

"ಇನ್ನೊಂದ್ ಸಲ ಮಾಡ್ರಿ," ಎಂದರು ಮೇಡಂ.

ಮತ್ತೆ ಮಾಡಿದೆ. ಅದೇ.

ಕಿಟಕಿಯ ಹೊರಗೆ ಲಾರಿಗಳು ಸಂಡೂರಿನ ಕಡೆಯಿಂದ ಒಂದರ ಹಿಂದೆ ಒಂದು ಬರುತ್ತಿದ್ದವು. ಮೇಡಂ ಎದ್ದು ಹೋಗಿ ಕಿಟಕಿ ಮುಚ್ಚಿದರು. ಆ ಲ್ಯಾಬಿನ ಕಿಟಕಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎರಡು ದಿನ ಖಾಲಿ ತಟ್ಟೆಯ ಮೇಲೆ ಬಿದ್ದದ್ದು ಇಷ್ಟು ಎಂದ ಮೇಲೆ, ಉಸಿರಾಡುವವರ ಎದೆಯೊಳಗೆ ಬೀಳುವುದೆಷ್ಟು ಎಂಬ ಲೆಕ್ಕ ಮೂವರೂ ಮನಸ್ಸಿನಲ್ಲೇ ಹಾಕುತ್ತಿದ್ದೆವು ಎಂದು ನನ್ನ ಅಂದಾಜು. ಅದೇ ಗಳಿಗೆಯಲ್ಲಿ, ಹೇಳಲು ಸಂಕೋಚವಾದರೂ ಹೇಳುತ್ತೇನೆ, ಕುಣಿಯಬೇಕು ಅನ್ನುವಷ್ಟು ಸಂತೋಷವೂ ಆಗಿತ್ತು. ಅಕ್ಕಿಯಲ್ಲಿ ದೋಷವಿಲ್ಲ.

ಅಟೆಂಡರ್ ಅಣ್ಣ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದರು.

"ನಾ ಹೊಡದ ಕಸಾನ ಇದು, ಹೌದಲ್ರಿ?"

"ನಿಮ್ಮ ತಪ್ಪಲ್ಲ ಅಣ್ಣಾ."

"ನಂದಲ್ಲಾಂದ್ರ ಯಾರದು? ಕಸಬರಗಿ ಹಿಡದಾಂವ ನಾನು. ಹೊಡೀಲಿಲ್ಲಾಂದ್ರ ಮೇಡಂ ಬೈತಿದ್ರು."

"ಬೈತಿದ್ದೆ, ಖರೇ," ಎಂದರು ಮೇಡಂ. "ಹೊಡದಿದ್ದಕ್ಕ ಬೈಬೇಕಾಗತೈತಿ ಅಂತ ನನಗೂ ಗೊತ್ತಿರಲಿಲ್ಲ."

ಮೂವರೂ ನಕ್ಕೆವು. ಆಮೇಲೆ ಮೇಡಂ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ದಿನ ಎಣಿಸಿದರು. ಸಮಿತಿ ಬರಲು ಐದು ವಾರವಿತ್ತು. ಮೊದಲಿನಿಂದ ಮಾಡಬೇಕು: ನುಚ್ಚು ತರುವುದು, ನೆನೆಹಾಕುವುದು, ತೊಳೆಯುವುದು, ಆರಿಸುವುದು, ಪರೀಕ್ಷೆ, ಮಾತ್ರೆ.

ಆ ಐದು ವಾರಗಳಲ್ಲಿ ನಾನು ನಡೆದ ನೆನಪಿಲ್ಲ, ಓಡಿದ ನೆನಪಿದೆ. ಭಾನುವಾರ ಮುಂಜಾನೆಯ ಬಸ್ಸಿನಲ್ಲಿ ಕಂಪ್ಲಿಗೆ ಹೋದೆ. ಎರಡನೇ ಬೆಳೆಯ ಪೈರು ಹಸಿರಾಗಿ ನಿಂತಿತ್ತು. ಅವ್ವ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು. ನನ್ನನ್ನು ನೋಡಿ ಬದುವಿಗೆ ಬಂದಳು.

"ಮತ್ತ ನುಚ್ಚು ಬೇಕೇನು? ಹೋದ ಸಲ ಒಯ್ದದ್ದು ಉಂಡ್ಯಾ?"

"ಅದು ಕೆಟ್ಟಿತು ಬೇ. ಧೂಳಿ ಬಿತ್ತು."

"ಓದಾಕ ಹೋದಾಂವ ಹಿಟ್ಟು ಕೆಡಿಸ್ಕೊಂಡು ಬಂದಾನ ನೋಡ್ರೇ," ಎಂದು ಸಾಲಿನಲ್ಲಿದ್ದ ಹೆಂಗಸರಿಗೆ ಕೂಗಿ ಹೇಳಿದಳು. ಅವರೆಲ್ಲ ನಕ್ಕರು.

ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಒಂದು ವರ್ಷ ಹೆಚ್ಚಾಗುತ್ತದೆಂದು ಹೇಳಿದೆ. ಮಾತು ಕೊಟ್ಟಿದ್ದನ್ನೂ ನೆನಪಿಸಿದೆ.

"ನೀ ಮಾತು ಕೊಟ್ಟೀದಿ. ನಾ ಇಸಗೊಂಡೀನೇನು?" ಎಂದಳು. "ಗದ್ದಿ ಬಿಟ್ಟು ಮನ್ಯಾಗ ಕುಂತು ನಿನ್ನ ಮಾರಿ ನೋಡ್ಲೇನು? ಜೊತಿ ಮಂದಿ ಇಲ್ಲೈತಿ. ನೀ ನಿನ್ನ ಸಲುವಾಗಿ ಪಾಸ್ ಆಗು."

ಅವಳು ಹಾಗೆ ಹೇಳಿದ್ದರಿಂದ ಭಾರ ಇಳಿಯಲಿಲ್ಲ. ಬೆನ್ನು ನೆಟ್ಟಗೆ ಮಾಡಲು ಅವಳು ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡದ್ದನ್ನು ನಾನು ನೋಡಿದ್ದೆ.

ಸೋಮವಾರ ಹಂಪಿಯ ಕಡೆಯ ನುಚ್ಚು, ಮಂಗಳವಾರ ಚೋರನೂರಿನದು. ಚೋರನೂರಿನಿಂದ ಬರುವಾಗ ಬಸ್ಸು ಯಶವಂತನಗರದ ಹತ್ತಿರ ಲಾರಿಗಳ ಸಾಲಿಗೆ ಸಿಕ್ಕಿ ಎರಡು ತಾಸು ನಿಂತಿತು. ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದರ ಮೇಲೆ ನನ್ನ ಅಂಗಿ ಸುತ್ತಿ, ಬನಿಯನ್ನಿನಲ್ಲಿ ಕೂತಿದ್ದೆ. ಪಕ್ಕದವರು ಒಳಗೆ ಏನಿದೆ ಎಂದು ಕೇಳಿದರು. ನುಚ್ಚಕ್ಕಿ ಎಂದೆ. ಅವರು ಆಮೇಲೆ ನನ್ನ ಕಡೆ ನೋಡಲಿಲ್ಲ.

ನಡುಮನೆಯಲ್ಲಿ ಒಂದು ವಾರ ಸಂಡಿಗೆಯ ಕೆಲಸ ನಿಂತಿತು. ಅಕ್ಕಾರು ನನ್ನ ತಟ್ಟೆಗಳಿಗೆ ಜಾಗ ಬಿಟ್ಟುಕೊಟ್ಟರು; ಬಿಟ್ಟುಕೊಟ್ಟು ಸುಮ್ಮನಿರಲಿಲ್ಲ. ನಾನು ಹರವಿದ್ದು ದಪ್ಪವಾಯಿತೆಂದು ಬೈದರು. ಗಾಳಿಯಿಲ್ಲದ ಕಡೆ ದಪ್ಪಗೆ ಹರವಿದರೆ ಹುಳಿ ವಾಸನೆ ಹಿಡಿಯುತ್ತದೆ, ದೋಸೆಯಷ್ಟು ತೆಳ್ಳಗಿರಬೇಕು ಎಂದರು. ಅರೆ ಒಣಗಿದಾಗ ಕಡ್ಡಿಯಿಂದ ಗೆರೆ ಎಳೆದು ಚೌಕ ಮಾಡಿ, ಒಂದೊಂದೇ ಚೌಕ ಮಗುಚಿದರು. ಕಿಟಕಿಯ ಸೀರೆಗಳಿಗೆ ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸುವ ಕೆಲಸ ನನ್ನದು. ನಾಲ್ಕನೇ ದಿನ ಪಿಷ್ಟ ಬೆರಳಿಗೆ ಕಿರುಗುಟ್ಟಿತು. ಉಳಿದ ತೇವಕ್ಕೆ ಕಾಲೇಜಿನ ಓವನ್ ಸಾಕಾಯಿತು. ಹೊಸ ಕಾಗದದ ಮೇಲೆ ಸುರಿದು ನೋಡಿದೆ. ಕಾಗದವೇ ಮಬ್ಬಾಗಿ ಕಂಡಿತು.

ಮಾರ್ಚಿನ ಎರಡನೇ ವಾರ ಮತ್ತೆ ನಾಲ್ಕು ಕೊಳವೆ. ಈ ಸಲ ಲ್ಯಾಬಿನ ನೆಲವನ್ನು ಅಣ್ಣ ಒದ್ದೆ ಬಟ್ಟೆಯಿಂದ ಒರೆಸಿದ್ದರು, ಕಿಟಕಿ ಮುಚ್ಚಿತ್ತು, ಆ ವಾಸನೆಗೆ ಮೂವರ ಕಣ್ಣಲ್ಲೂ ನೀರು. ಮೂರು ಪಿಷ್ಟಗಳೂ ಅಳತೆಗಿಂತ ತೆಳುವಾಗಿದ್ದವು. ಚೋರನೂರಿನದೂ. ಗಣಿಯ ಪಕ್ಕದ ಹೊಲದ ಅಕ್ಕಿಯ ಒಡಲಿಗೆ ಆ ಕೆಂಪು ಇಳಿದಿರಲಿಲ್ಲ. ತೌಡಿನೊಂದಿಗೆ, ತೊಳೆದ ನೀರಿನೊಂದಿಗೆ ಹೋಗಿತ್ತೋ ಏನೋ, ಅದು ನನಗೆ ತಿಳಿಯದು. ನನಗೆ ತಿಳಿದಿರುವುದು ಕೊಳವೆಯ ಬಣ್ಣ.

ಇಷ್ಟಾದರೂ ವಿಷಯ ಉಳಿಯಿತೆಂದು ಹೇಳುವಂತಿರಲಿಲ್ಲ. ಬಿಳಿಯಾಗಿದ್ದ ಮಾತ್ರಕ್ಕೆ ಪಿಷ್ಟ ಕೆಲಸ ಮಾಡಬೇಕಲ್ಲ. ಜ್ವರದ ಮಾತ್ರೆಯ ಪುಡಿಗೆ ಒಂದೊಂದು ಪಿಷ್ಟವನ್ನು ಬೇರೆ ಬೇರೆಯಾಗಿ ಬೆರೆಸಿ, ಕೈಯಿಂದ ತಿರುಗಿಸುವ ಹಳೆ ಯಂತ್ರದಲ್ಲಿ ಮಾತ್ರೆ ಒತ್ತಿದೆವು. ಸಮಿತಿ ಬರುವ ಮೂರು ದಿನ ಮುಂಚೆ, ಶುಕ್ರವಾರ, ಒಡೆಯುವ ಪರೀಕ್ಷೆ.

ಅವತ್ತು ಅಕ್ಕಾರು ಕಾಲೇಜಿಗೆ ಬಂದರು. ನಾನು ಕರೆದಿರಲಿಲ್ಲ. ತಮ್ಮ ಮನೆಯಲ್ಲಿ ಒಂದು ವಾರ ಒಣಗಿದ್ದು ಏನಾಗುತ್ತದೆಂದು ನೋಡುವ ಹಕ್ಕು ತಮಗಿದೆ ಎಂದು ಅಟೆಂಡರ್ ಅಣ್ಣನಿಗೆ ಗೇಟಿನಲ್ಲಿ ಹೇಳಿದರಂತೆ. ಇದು ನಾನು ಕೇಳಿದ್ದು. ನಾನು ನೋಡಿದ್ದು, ಅವರು ಇಸ್ತ್ರಿ ಸೀರೆ ಉಟ್ಟು ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಕಾಲ್ ಎಲ್ಲಿ ತೊಳಕೋಬೇಕು?" ಎಂದು ಕೇಳಿದ್ದನ್ನು. ಮೇಡಂ ತಾವೇ ಎದ್ದು ಹೋಗಿ "ಬರ್ರಿ, ಕುಂದ್ರಿ" ಎಂದು ಕುರ್ಚಿ ಕೊಟ್ಟರು.

ಯಂತ್ರ ಸರಳವಾದದ್ದು. ಆರು ಗಾಜಿನ ನಳಿಕೆಗಳ ಒಂದು ಬುಟ್ಟಿ, ಮೈ ಬಿಸಿಯಷ್ಟು ಬೆಚ್ಚಗಿನ ನೀರಿನಲ್ಲಿ ಮೇಲೆ ಕೆಳಗೆ ಆಡುತ್ತದೆ. ನಳಿಕೆಗೊಂದು ಮಾತ್ರೆ, ತಳದಲ್ಲಿ ಜಾಲರಿ. ಮಾತ್ರೆ ಒಡೆದು ಜಾಲರಿಯಿಂದ ಪೂರ್ತಿ ಇಳಿಯಬೇಕು. ನಿಯಮದಂತೆ ಹದಿನೈದು ನಿಮಿಷ ಅವಕಾಶ. ಮೊದಲು ಬಾಟಲಿಯ ಮೆಕ್ಕೆಜೋಳದ ಪಿಷ್ಟದ ಮಾತ್ರೆ ಹಾಕಿದೆವು, ಹೋಲಿಕೆಗೆ. ಅದು ನಿಧಾನವಾಗಿ ಅಂಚು ಸವೆದು, ಐದನೇ ನಿಮಿಷ ದಾಟಿ ಇಳಿಯಿತು.

ಆಮೇಲೆ ಕಂಪ್ಲಿಯದು. ನನ್ನ ಕೈಯಲ್ಲಿ ಸ್ಟಾಪ್‌ವಾಚು. ಬುಟ್ಟಿ ಎರಡು ಸಲ ಮುಳುಗಿ ಎದ್ದಿರಬಹುದು, ಮಾತ್ರೆಯ ಮೈ ಉಬ್ಬಿತು. ಅಂಚು ಸವೆಯಲಿಲ್ಲ, ನಡುವೆಯೇ ಬಿರುಕು ಬಿಟ್ಟಿತು. ಯಾರೋ ಒಳಗಿನಿಂದ ಬಾಗಿಲು ತಳ್ಳಿದಂತೆ ಎರಡು ಹೋಳಾಗಿ, ನಾಲ್ಕಾಗಿ, ಮೋಡದಂತೆ ನೀರಿನಲ್ಲಿ ಹರಡಿ ಇಳಿಯಿತು. ಮೂರು ನಿಮಿಷ ಆಗಿರಲಿಲ್ಲ. ಹಂಪಿಯ ಕಡೆಯದು ಅದಕ್ಕಿಂತ ಸ್ವಲ್ಪ ತಡ.

ಕೊನೆಗೆ ಚೋರನೂರಿನದು. ಸ್ಟಾಪ್‌ವಾಚು ಒತ್ತಿ ಕಣ್ಣೆತ್ತುವುದರೊಳಗೆ ಒಡೆಯತೊಡಗಿತ್ತು. ಆರೂ ನಳಿಕೆಗಳು ಬಿಳಿಯಾದವು, ಆಮೇಲೆ ಖಾಲಿಯಾದವು. ಒಂದೂವರೆ ನಿಮಿಷ.

"ಆತೇನು?" ಎಂದರು ಅಕ್ಕಾರು.

"ಆತ್ರಿ."

"ಇದಕ್ಕ ಇಷ್ಟ್ ಕಷ್ಟ ಬಿದ್ರೇನು? ನೀರಾಗ ಕರಗಿ ಹೋತಲ್ಲೋ."

"ಅದು ಜಲ್ದಿ ಒಡೀಲಿ ಅಂತನ ಮಾಡಿದ್ರಿ ಅಕ್ಕಾರ."

"ಜಲ್ದಿ ಕೆಡೂ ಸಾಮಾನು ಮಾಡಾಕ ಕಾಲೇಜು ಬೇಕೇನು," ಎಂದರು ಅಟೆಂಡರ್ ಅಣ್ಣ, ಮತ್ತು ತಾವೇ ಮೊದಲು ನಕ್ಕರು.

ನಾನು ನಗಲಿಲ್ಲ. ಚೋರನೂರಿನ ಮಾತ್ರೆಯನ್ನು ಇನ್ನೊಮ್ಮೆ ಹಾಕಿದೆ, ಮತ್ತೊಮ್ಮೆ ಹಾಕಿದೆ. ಕಂಪ್ಲಿಯದು ಗೆಲ್ಲಲಿ ಎಂಬ ಆಸೆಯಿಂದ ಹಾಗೆ ಮಾಡುತ್ತಿದ್ದೇನೆಂದು ಮೇಡಂಗೆ ಗೊತ್ತಾಯಿತು. ಮೂರನೇ ಸಲಕ್ಕೆ ಅವರು ನನ್ನ ಕೈಯಿಂದ ಸ್ಟಾಪ್‌ವಾಚು ತೆಗೆದುಕೊಂಡರು. "ಬಂದದ್ದು ಬರೀರಿ," ಎಂದರು. ಬಂದದ್ದನ್ನು ಬರೆದೆ. ಬರೆಯುವಾಗ ಸಣ್ಣ ನೋವೊಂದಿತ್ತು. ಪುಟ ತಿರುವುವ ಹೊತ್ತಿಗೆ ಅದು ಹೋಗಿ, ಮೂರೂ ನಮ್ಮ ಅಕ್ಕಿಗಳೇ, ಮೂರೂ ಬಾಟಲಿಯನ್ನು ಹಿಂದೆ ಹಾಕಿದವು ಎಂಬ ಖುಷಿ ಮೈತುಂಬ ಏರಿತು.

ಸೋಮವಾರ ಸಮಿತಿಯವರು ಬಂದರು, ಮೂವರು. ಪುಟ ತಿರುವಿದರು. ಅವರಲ್ಲಿ ಹಿರಿಯರೊಬ್ಬರು ಪಿಷ್ಟವನ್ನು ಎಲ್ಲಿ ಆರಿಸಿದಿರಿ ಎಂದು ಕೇಳಿದರು. ಚಿತ್ತವಾಡ್ಗಿಯ ಒಂದು ಮನೆಯ ನಡುಮನೆಯಲ್ಲಿ ಎಂದು ನಿಜ ಹೇಳಿದೆ, ಎರಡು ಖಾಲಿ ತಟ್ಟೆಗಳ ಪುಟವನ್ನೂ ತೆಗೆದು ತೋರಿಸಿದೆ. ಅವರು ಆ ಪುಟವನ್ನು ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದರು. ಕೊನೆಯ ಹಾಳೆಯಲ್ಲಿ, ವಿಷಯ ಮುಂದುವರಿಸಬಹುದು ಎಂದು ಬರೆದು ಸಹಿ ಮಾಡಿದರು. ಅವತ್ತು ಸಂಜೆಯ ಬಸ್ಸಿಗೆ ಕಂಪ್ಲಿಗೆ ಹೋಗಿ ಅವ್ವನಿಗೆ ಹೇಳಿದೆ. ಯಾವ ಅಕ್ಕಿ ಮೊದಲು ಬಂತು ಎಂದು ಅವಳು ಕೇಳಿದಳು. ಚೋರನೂರಿನದು ಎಂದೆ. "ಅದು ನಾಟಿ ಮಾಡಿದ್ದಲ್ಲ, ಬಿತ್ತಿದ್ದು," ಎಂದಳು. ಆಮೇಲೆ, "ಹಂಗಾರ ನಮ್ಮದು ನಾಟಿಯೊಳಗ ಮೊದಲು," ಎಂದಳು. ಮುಂದಿನ ಮುಂಗಾರಿಗೂ ಅವಳು ಗದ್ದೆಗೆ ಇಳಿದಳು. ಅದರ ಮರುವರ್ಷ ಇಳಿಯಲಿಲ್ಲ.

ಒಣಗಿಸುವ ಜಾಗದ ಬಗ್ಗೆ ನಾನು ಹೇಳಿದ್ದನ್ನು ನಂಬದವರು ಆಮೇಲೆ ಸಿಕ್ಕಿದ್ದಾರೆ. ಖಾಲಿ ತಟ್ಟೆಯಲ್ಲಿ ಅಷ್ಟು ಬಣ್ಣ ಬರಲು ಸಾಧ್ಯವಿಲ್ಲ, ಗಾಜು ಕೊಳೆಯಾಗಿದ್ದಿರಬೇಕು ಎಂದವರಿದ್ದಾರೆ. ಆದ್ದರಿಂದ ಬರೆದಿಡುತ್ತೇನೆ. ಆ ಶನಿವಾರ ತಟ್ಟೆಯ ಪರೀಕ್ಷೆಯನ್ನು ಕಣ್ಣಾರೆ ಕಂಡವರು ನಾವು ಮೂವರು. ಮೇಡಂ ಈಗಿಲ್ಲ. ಅಟೆಂಡರ್ ಅಣ್ಣ ಇದ್ದಾರೆ. ನಿವೃತ್ತರಾಗಿ ಯಶವಂತನಗರದಲ್ಲಿ ಮಗಳ ಮನೆಯಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ, ಜೋರಾಗಿ ಕೇಳಬೇಕು. ಮಾತ್ರೆ ಒಡೆದದ್ದನ್ನು ಕಂಡವರು ನಾಲ್ವರು. ಅವರಲ್ಲಿ ನಾಲ್ಕನೆಯವರು ಅಕ್ಕಾರು. ಅವರೂ ಇದ್ದಾರೆ, ಚಿತ್ತವಾಡ್ಗಿಯಲ್ಲಿ, ಅದೇ ಮನೆಯಲ್ಲಿ.